ರಂಗನತಿಟ್ಟು ಉಳಿಸಿದ ಸಲೀಂ ಅಲಿ ಕೈಲೂ ಕೋವಿ ಇತ್ತು!

ಶ್ರೀರಂಗಪಟ್ಟಣ: ರಂಗನತಿಟ್ಟಿಗೆ ಹೋದವರು ಸಲೀಂ ಅಲಿ ಹೆಸರು ಕೇಳಿರ್ತಾರೆ. 1940ರಲ್ಲಿ ಕಾವೇರಿಯ ಈ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಪಕ್ಷಿಧಾಮ ಮಾಡಿ ಅಂತ ಮೈಸೂರು ಅರಸರ ಮನವೊಲಿಸಿದವರು ಅವರೇ. ಆದರೆ ಅವರೂ ಕೋವಿ ಹಿಡಿದವರು ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಹುಟ್ಟಿದ್ದು ಮುಂಬೈಯಲ್ಲಿ, 1896ರ ನವೆಂಬರ್ 12ರಂದು. ಎಳವೆಯಲ್ಲೇ ತಂದೆ-ತಾಯಿ ತೀರಿಕೊಂಡರು. ಬೆಳೆಸಿದ್ದು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ, ಶಿಕಾರಿ ಅಂದ್ರೆ ಪ್ರಾಣ. ಅಡುಗೆಗೆಂದು ಜೀವಂತ ತಂದ ಗೌಜಲಕ್ಕಿ, ಲಾವಕ್ಕಿಗಳಲ್ಲಿ ಕೆಲವನ್ನು ಹುಡುಗ ಬೇಡಿ ಪಡೆದು ಸಾಕುತ್ತಿದ್ದ. ಅದೇ ಹುಡುಗ ಏರ್‌ಗನ್‌ನಲ್ಲಿ ಗುಬ್ಬಿ ಹೊಡೀತಿದ್ದ! ಹಾಗೆ ಬಿದ್ದ ಒಂದು ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ. ಅದ್ಯಾವ ಹಕ್ಕಿ ಅಂತ ಕೇಳಲು ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಪಕ್ಷಿ ವಿಜ್ಞಾನದ ಬದುಕು ಶುರುವಾದದ್ದು ಅಲ್ಲಿಂದ.

ದೊಡ್ಡವರಾದ ಮೇಲೂ ಶಿಕಾರಿ ಬಿಡಲಿಲ್ಲ, ಅದನ್ನು ಪಾಪ ಅಂತಲೂ ಅನ್ನಲಿಲ್ಲ. ಸಂತತಿ ಉಳಿಯುವಷ್ಟು ಮಿತಿ ಇರಲೇಬೇಕು ಅನ್ನೋದು ಅವರ ನಿಲುವು. ಮಿತಿ ಮೀರಿದರೆ ಹೇಗಿರುತ್ತೆ ಅನ್ನೋದಕ್ಕೆ ರಾಜಸ್ಥಾನದ ಭರತಪುರವೇ ಸಾಕ್ಷಿ. 1938ರ ನವೆಂಬರ್ 12ರಂದು, ಅಂದರೆ ಅಲಿಯವರ ಹುಟ್ಟುಹಬ್ಬದ ದಿನವೇ, ವೈಸರಾಯ್ ಲಿನ್‌ಲಿತ್‌ಗೋ ಬಳಗ ಅಲ್ಲಿನ ಜೌಗಿನಲ್ಲಿ 4,273 ಹಕ್ಕಿ ಉರುಳಿಸಿತು. ಅಷ್ಟು ಹಕ್ಕಿ ತಿನ್ನೋರಾದ್ರೂ ಯಾರು?

ಸ್ವಾತಂತ್ರ್ಯ ಬಂದ ಮೇಲೆ ಅದೇ ಜೌಗನ್ನು ಬತ್ತಿಸಿ ಹೊಲ ಮಾಡುವ ಮಾತು ಎದ್ದಿತು. ಆಗ ನೆಹರೂವರೆಗೂ ವಿಷಯ ಒಯ್ದು ತಡೆದವರು ಅಲಿ. ರಾಜಮನೆತನದ ಶಿಕಾರಿ ಹಕ್ಕು ಮಾತ್ರ 1972ರವರೆಗೂ ಉಳಿದಿತ್ತು. ಅಲಿ 1987ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.