ಜೂಲಿಯಸ್ ರೋಸೆನ್‌ವಾಲ್ಡ್: ದಾನಿಯ ಹಣ, ಸರ್ಕಾರದ ಶಾಲೆ

ಕಂಪನಿಗಳ ಸಿಎಸ್‌ಆರ್ ಹಣ ಈಗ ಸರ್ಕಾರಿ ಶಾಲೆಗಳಿಗೂ ಬರುತ್ತಿದೆ. ಅದು ಸರಿಯೇ ಎಂಬ ಚರ್ಚೆ ನಡೆದಾಗಲೆಲ್ಲ ನನಗೆ ನೆನಪಾಗುವವರು ಅಮೆರಿಕದ ವ್ಯಾಪಾರಿ ಜೂಲಿಯಸ್ ರೋಸೆನ್‌ವಾಲ್ಡ್.

ಅವರು 1862ರಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಜರ್ಮನಿಯಿಂದ ವಲಸೆ ಬಂದಿದ್ದ ಯೆಹೂದಿ ಕುಟುಂಬದಲ್ಲಿ ಜನಿಸಿದರು. ಹೈಸ್ಕೂಲು ಮುಗಿಸುವ ಮೊದಲೇ ನ್ಯೂಯಾರ್ಕ್‌ಗೆ ಹೋಗಿ ಬಟ್ಟೆ ವ್ಯಾಪಾರ ಕಲಿತರು. 1908ರಲ್ಲಿ ಅಂಚೆಯ ಮೂಲಕ ಸರಕು ಮಾರುವ ಸಿಯರ್ಸ್ ರೋಬಕ್ ಕಂಪನಿಯ ಅಧ್ಯಕ್ಷರಾದರು.

1911ರಲ್ಲಿ ಅವರಿಗೆ ಬೂಕರ್ ಟಿ. ವಾಷಿಂಗ್ಟನ್ ಅವರ ಪರಿಚಯವಾಯಿತು. ಗುಲಾಮಗಿರಿಯಲ್ಲಿ ಹುಟ್ಟಿದ ವಾಷಿಂಗ್ಟನ್, ಅಲಬಾಮದ ಟಸ್ಕೀಗಿಯಲ್ಲಿ ಕಪ್ಪುವರ್ಣೀಯ ಶಿಕ್ಷಕರ ತರಬೇತಿ ಸಂಸ್ಥೆಯನ್ನು ಬೆಳೆಸಿದವರು. ಆಗ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೂ ಕಪ್ಪುವರ್ಣೀಯರಿಗೂ ಬೇರೆ ಬೇರೆ ಶಾಲೆಗಳಿದ್ದವು. ಸರ್ಕಾರದ ಹಣ ಹೆಚ್ಚಾಗಿ ಬಿಳಿಯರ ಶಾಲೆಗಳಿಗೇ ಹೋಗುತ್ತಿತ್ತು. 1912ರಲ್ಲಿ, ತಮ್ಮ ಐವತ್ತನೇ ಹುಟ್ಟುಹಬ್ಬಕ್ಕೆ, ರೋಸೆನ್‌ವಾಲ್ಡ್ ಟಸ್ಕೀಗಿಗೆ 25,000 ಡಾಲರ್ ಕೊಟ್ಟರು. ಅದರಲ್ಲಿ ಉಳಿದ ಹಣದಿಂದ ಅಲಬಾಮದಲ್ಲಿ ಆರು ಹಳ್ಳಿ ಶಾಲೆಗಳು ಎದ್ದವು.

ಮುಂದೆ ಇದು ದೊಡ್ಡ ಯೋಜನೆಯಾಯಿತು. ರೋಸೆನ್‌ವಾಲ್ಡ್ ಪೂರ್ತಿ ವೆಚ್ಚ ಕೊಡುತ್ತಿರಲಿಲ್ಲ. ಊರಿನವರು ಹಣ, ಜಮೀನು, ಮರಮುಟ್ಟು, ದುಡಿಮೆಯ ರೂಪದಲ್ಲಿ ಪಾಲು ಹಾಕಬೇಕಿತ್ತು. ಸರ್ಕಾರವೂ ಹಣ ಕೊಡಬೇಕಿತ್ತು. ಜಮೀನು ಮತ್ತು ಕಟ್ಟಡ ಸಾರ್ವಜನಿಕ ಶಾಲಾ ಆಡಳಿತದ ಹೆಸರಿಗೇ ಆಗಬೇಕಿತ್ತು. ವಿದ್ಯುತ್ ಇಲ್ಲದ ಹಳ್ಳಿಗಳೇ ಹೆಚ್ಚಾಗಿದ್ದರಿಂದ, ಹಗಲ ಬೆಳಕು ಚೆನ್ನಾಗಿ ಬರುವಂತೆ ಸಾಲು ಸಾಲು ದೊಡ್ಡ ಕಿಟಕಿಗಳಿರುವ ನಕ್ಷೆಗಳನ್ನು ಒದಗಿಸಲಾಯಿತು. ವಿಜ್ಞಾನ ವಿದ್ಯಾರ್ಥಿಯಾದ ನನಗೆ ಇದು ಬಹಳ ಹಿಡಿಸಿತು.

1932ರ ವೇಳೆಗೆ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆಗಳಾದವು. ಒಟ್ಟು ವೆಚ್ಚ ಸುಮಾರು 2.8 ಕೋಟಿ ಡಾಲರ್. ಅದರಲ್ಲಿ ರೋಸೆನ್‌ವಾಲ್ಡ್ ನಿಧಿಯ ಪಾಲು ಸುಮಾರು 43 ಲಕ್ಷ, ಕಪ್ಪುವರ್ಣೀಯರ ಪಾಲು ಸುಮಾರು 47 ಲಕ್ಷ. ಅತಿ ದೊಡ್ಡ ಪಾಲು ತೆರಿಗೆ ಹಣದ್ದು.

ಈ ಲೆಕ್ಕದಲ್ಲೇ ಕಹಿಯೂ ಇದೆ. ತೆರಿಗೆ ಕಟ್ಟಿದ್ದ ಬಡವರು ತಮ್ಮ ಮಕ್ಕಳ ಶಾಲೆಗಾಗಿ ಮತ್ತೊಮ್ಮೆ ಹಣ ಹೊಂದಿಸಬೇಕಾಯಿತು. ಬಿಳಿಯರ ಮಕ್ಕಳಿಗೆ ಹಕ್ಕಾಗಿ ಸಿಕ್ಕಿದ್ದು ಇವರಿಗೆ ದಾನದ ಜೊತೆ ಬಂತು. ಪ್ರತ್ಯೇಕ ಶಾಲೆಗಳ ಪದ್ಧತಿಯನ್ನೂ ಯೋಜನೆ ಪ್ರಶ್ನಿಸಲಿಲ್ಲ.

ರೋಸೆನ್‌ವಾಲ್ಡ್ 1932ರ ಜನವರಿಯಲ್ಲಿ ತೀರಿಕೊಂಡರು. ನಿಧಿ ಶಾಶ್ವತವಾಗಿ ಉಳಿಯಬಾರದು, ತಮ್ಮ ಮರಣಾನಂತರ 25 ವರ್ಷದೊಳಗೆ ಖರ್ಚಾಗಬೇಕು ಎಂಬುದು ಅವರ ನಿಬಂಧನೆ. 1948ರಲ್ಲೇ ಅದು ಮುಗಿಯಿತು.

ಖಾಸಗಿ ಹಣ ಶಾಲೆಗೆ ಬಂದಾಗ ನಾವು ಎರಡು ಪ್ರಶ್ನೆ ಕೇಳಬೇಕು ಎಂದು ಈ ಬದುಕಿನಿಂದ ನಾನು ಕಲಿತೆ. ಕೊನೆಗೆ ಶಾಲೆ ಯಾರದಾಗಿ ಉಳಿಯುತ್ತದೆ? ಆ ಹಣದಿಂದ ಸರ್ಕಾರದ ಹೊಣೆ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?