ಎಂಎಸ್ ಇದ್ದವರು ವ್ಯಾಯಾಮ ಮಾಡಬಾರದೇ? ಜಿಮ್ಮಿ ಹ್ಯೂಗಾ ಬದುಕು ಏನು ಹೇಳುತ್ತದೆ?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರು ಮೈ ದಣಿಸಿಕೊಂಡರೆ ಕಾಯಿಲೆ ಹೆಚ್ಚುತ್ತದೆ ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ಇದು ಯಾರೋ ತಿಳಿಯದವರು ಹಬ್ಬಿಸಿದ ಮಾತಲ್ಲ. ಒಂದು ಕಾಲದಲ್ಲಿ ವೈದ್ಯರೇ ಹೀಗೆ ಹೇಳುತ್ತಿದ್ದರು. ಅಮೆರಿಕದ ಜಿಮ್ಮಿ ಹ್ಯೂಗಾ ಅವರಿಗೂ ಹಾಗೇ ಹೇಳಲಾಗಿತ್ತು.

ಹ್ಯೂಗಾ ಹುಟ್ಟಿದ್ದು 1943ರಲ್ಲಿ. ಬಾಸ್ಕ್ ಸೀಮೆಯಿಂದ ವಲಸೆ ಬಂದ ಅವರ ತಂದೆ ಕ್ಯಾಲಿಫೋರ್ನಿಯಾದ ಸ್ಕೀ ತಾಣವೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. ಹುಡುಗ ಹಿಮದಲ್ಲೇ ಬೆಳೆದ. 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನ ಸ್ಲಾಲಮ್ ಸ್ಪರ್ಧೆಯಲ್ಲಿ ಹ್ಯೂಗಾ ಕಂಚು ಗೆದ್ದರು, ಜೊತೆಗಾರ ಬಿಲ್ಲಿ ಕಿಡ್ ಬೆಳ್ಳಿ. ಇಳಿಜಾರು ಸ್ಕೀಯಿಂಗ್‌ನಲ್ಲಿ ಅಮೆರಿಕದ ಪುರುಷರಿಗೆ ಒಲಿಂಪಿಕ್ ಪದಕ ಸಿಕ್ಕಿದ್ದು ಅದೇ ಮೊದಲು.

ಕೆಲವೇ ವರ್ಷಗಳಲ್ಲಿ ಕಣ್ಣು ಮಂಜಾಯಿತು, ಮೈ ಜೋಮು ಹಿಡಿಯತೊಡಗಿತು. 1970ರಲ್ಲಿ ಎಂಎಸ್ ಎಂದು ಗೊತ್ತಾಯಿತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ ಇದು. ವಿಶ್ರಾಂತಿ ತೆಗೆದುಕೊಳ್ಳಿ, ಶ್ರಮ ಬೇಡ ಎಂದರು ವೈದ್ಯರು. ಹ್ಯೂಗಾ ಕೆಲವು ವರ್ಷ ಅದನ್ನು ಪಾಲಿಸಿದರು. ದೇಹ ಸೊರಗಿತು, ಮನಸ್ಸೂ ಕುಗ್ಗಿತು.

ಆ ಸಲಹೆಗೂ ಒಂದು ಕಾರಣವಿತ್ತು. ಶ್ರಮಪಟ್ಟ ಮೇಲೆ ಎಂಎಸ್ ರೋಗಿಗಳ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ದಾಖಲಿಸಿದ್ದರು. ಹೊದಿಕೆ ಹರಿದ ನರದಲ್ಲಿ, ಮೈ ಬಿಸಿಯೇರಿದಾಗ ಸಂದೇಶ ಸರಿಯಾಗಿ ಸಾಗುವುದಿಲ್ಲ. ಮೈ ತಣ್ಣಗಾದರೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಈ ತಾತ್ಕಾಲಿಕ ತೊಂದರೆಯನ್ನೇ ಕಾಯಿಲೆ ಏರಿದಂತೆ ಎಣಿಸಿದ್ದು ತಪ್ಪಾಯಿತು.

ಹ್ಯೂಗಾ ಕೊನೆಗೆ ಸೈಕಲ್ ಹತ್ತಿದರು, ಈಜಿದರು. ಸ್ಕೀಯಿಂಗ್‌ನ ತರಬೇತಿಯಂತೆಯೇ ಸಣ್ಣ ಸಣ್ಣ ಗುರಿ ಇಟ್ಟುಕೊಂಡರು. 1984ರಲ್ಲಿ ಕೊಲೊರಾಡೊದಲ್ಲಿ ತಮ್ಮ ಹೆಸರಿನ ಕೇಂದ್ರ ತೆರೆದರು. ಅಲ್ಲಿ ಎಂಎಸ್ ಇದ್ದವರ ಜೊತೆ ಮನೆಯವರಿಗೂ ಕಲಿಸುತ್ತಿದ್ದರು. ನಮಗೆ ಇದೇ ದೊಡ್ಡ ಕೆಲಸ ಅನ್ನಿಸುತ್ತದೆ, ಬೇಡ ಬೇಡ ಎನ್ನುವವರು ಹೆಚ್ಚಾಗಿ ಮನೆಯವರೇ ತಾನೇ! ಸಂಶೋಧನೆಯ ಬೆಂಬಲ ಸಿಕ್ಕಿದ್ದು ಆಮೇಲೆ. 1996ರಲ್ಲಿ ಪ್ರಕಟವಾದ ಯೂಟಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, 15 ವಾರ ವ್ಯಾಯಾಮ ಮಾಡಿದ ಎಂಎಸ್ ರೋಗಿಗಳ ದೇಹದಾರ್ಢ್ಯ ಹೆಚ್ಚಿತ್ತು.

ಹಾಗಂತ ವ್ಯಾಯಾಮದಿಂದ ಹ್ಯೂಗಾ ಗುಣವಾದರು ಎಂದು ಫಾರ್ವರ್ಡ್ ಮಾಡಬೇಡಿ. ಕಾಯಿಲೆ ಮುಂದುವರಿಯಿತು, ವೀಲ್‌ಚೇರ್ ಬೇಕಾಯಿತು. ಅವರು ತೀರಿಕೊಂಡದ್ದು 2010ರಲ್ಲಿ, 66ನೇ ವಯಸ್ಸಿನಲ್ಲಿ. ಇನ್ಸ್‌ಬ್ರುಕ್‌ನಲ್ಲಿ ಚಿನ್ನ ಗೆದ್ದಿದ್ದ ಆಸ್ಟ್ರಿಯಾದ ಪೆಪಿ ಸ್ಟೀಗ್ಲರ್‌ ಅವರಿಗೂ ಮುಂದೆ ಎಂಎಸ್ ಬಂತು.

ಈಗ ವೈದ್ಯರು ವ್ಯಾಯಾಮ ಮಾಡಿ ಎಂದೇ ಹೇಳುತ್ತಾರೆ. ಆದರೆ ಯೂಟ್ಯೂಬ್ ನೋಡಿ ಶುರುಮಾಡಬೇಡಿ. ಕಾಲಿನ ಬಿಗಿತ, ಸಮತೋಲನ, ಸುಸ್ತು ಒಬ್ಬೊಬ್ಬರಿಗೆ ಒಂದೊಂದು ಥರ, ಫಿಸಿಯೋಥೆರಪಿಸ್ಟ್ ಅದನ್ನು ನೋಡಿಯೇ ವ್ಯಾಯಾಮ ಹೊಂದಿಸುತ್ತಾರೆ. ಬೆಳಗಿನ ತಂಪಿನಲ್ಲಿ, ಫ್ಯಾನ್ ಹಾಕಿಕೊಂಡು, ತಣ್ಣೀರು ಪಕ್ಕದಲ್ಲಿಟ್ಟುಕೊಂಡು, ನಡುನಡುವೆ ಕೂತು ಮಾಡಿ. ಹೊಸ ಲಕ್ಷಣ ಕಂಡು ಅದು 24 ಗಂಟೆ ದಾಟಿದರೆ ವ್ಯಾಯಾಮ ನಿಲ್ಲಿಸಿ ನರರೋಗ ತಜ್ಞರಿಗೆ ತೋರಿಸಿ.