ಜಾನ್ ಫೇತ್‌ಫುಲ್ ಫ್ಲೀಟ್ (1847–1917): ಬೆಳಗಾವಿ ಸೀಮೆಯಲ್ಲಿ ಕನ್ನಡ ಕಲಿತ ಅಧಿಕಾರಿ

ಬೆಳಗಾವಿ ಜಿಲ್ಲೆಯ ದೇವಾಲಯಗಳು, ಬಸದಿಗಳು, ಶಾಸನಗಳು ಹಾಗೂ ಗ್ರಾಮಗಳ ಪ್ರಾಚೀನ ಹೆಸರುಗಳನ್ನು ಕುರಿತು ಮಾಹಿತಿ ಕೋರುವ ಸಾರ್ವಜನಿಕರು ಹಾಗೂ ವಿದ್ಯಾರ್ಥಿಗಳು ಯಾವ ಗ್ರಂಥವನ್ನು ತೆರೆದರೂ ಅಡಿಟಿಪ್ಪಣಿಗಳಲ್ಲಿ ಫ್ಲೀಟ್ ಎಂಬ ಹೆಸರನ್ನು ಕಾಣುವರು. ಹಲಸಿ, ಗೋಳಿಹಳ್ಳಿ, ದೇಗಾಂವ, ಸವದತ್ತಿ ಮುಂತಾದ ಸ್ಥಳಗಳ ಶಾಸನಗಳನ್ನು ಮೊದಲಿಗೆ ವಿದ್ವತ್ ಜಗತ್ತಿನ ಮುಂದಿಟ್ಟವರಲ್ಲಿ ಇವರು ಪ್ರಮುಖರು. ಇವರ ಜೀವನದ ಕಿರುಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಪರಭಾಷೆಯೊಂದನ್ನು ಕಲಿಯುವಾತನು ತಾನು ಎಷ್ಟು ದೂರ ಬಂದೆನು, ಎಲ್ಲಿ ಎಡವಿದೆನು ಎಂಬುದನ್ನು ಸಾಮಾನ್ಯವಾಗಿ ತನ್ನೊಳಗೇ ಇಟ್ಟುಕೊಳ್ಳುತ್ತಾನೆ. ಫ್ಲೀಟ್ ಅವರ ವಿಷಯದಲ್ಲಿ ಆ ಲೆಕ್ಕವು ಸುಮಾರು ನಾಲ್ವತ್ತೈದು ವರ್ಷಗಳ ಕಾಲ ಮುದ್ರಿತ ಪುಟಗಳಲ್ಲಿಯೇ ಉಳಿದುಬಂದಿದೆ.

ಬಾಲ್ಯ ಮತ್ತು ಸೇವೆ

ಫ್ಲೀಟ್ ಅವರು 1847ರಲ್ಲಿ ಜನಿಸಿದರು. ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯಲ್ಲಿ ವ್ಯಾಸಂಗ ಮಾಡಿ, 1865ರಲ್ಲಿ ಇಂಡಿಯನ್ ಸಿವಿಲ್ ಸರ್ವೀಸ್‌ಗೆ ಆಯ್ಕೆಯಾದರು. ಭಾರತಕ್ಕೆ ಹೊರಡುವ ಮುನ್ನ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಸಿದ್ಧ ವಿದ್ವಾಂಸ ಥಿಯೋಡರ್ ಗೋಲ್ಡ್‌ಸ್ಟುಕರ್ ಅವರಲ್ಲಿ ಸಂಸ್ಕೃತಾಭ್ಯಾಸ ಮಾಡಿದರು. 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದಿಳಿದು ಕಂದಾಯ ಮತ್ತು ಆಡಳಿತ ಶಾಖೆಯಲ್ಲಿ ಸೇವೆಗೆ ತೊಡಗಿದರು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರ್ ಆಗಿಯೂ, 1875ರಲ್ಲಿ ಕೊಲ್ಹಾಪುರ ಹಾಗೂ ದಕ್ಷಿಣ ಮರಾಠಾ ಸೀಮೆಯ ಸಹಾಯಕ ಪೊಲಿಟಿಕಲ್ ಏಜೆಂಟ್ ಆಗಿಯೂ ನೇಮಕಗೊಂಡರು. ಬೆಳಗಾವಿ, ಧಾರವಾಡ ಮತ್ತು ಅಂದಿನ ಕಲಾದಗಿ ಜಿಲ್ಲೆಗಳ ಹಳ್ಳಿಗಳು ಅವರಿಗೆ ಪರಿಚಿತವಾದುದು ಈ ವರ್ಷಗಳಲ್ಲಿಯೇ.

ಅಂದು ಅಧಿಕಾರಿಗಳು ದೇಶಭಾಷೆಗಳ ಇಲಾಖಾ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕಾಗಿತ್ತು. ಆ ಪರೀಕ್ಷೆಗೆ ಬೇಕಾದಷ್ಟು ಭಾಷೆ ಕಲಿತು ಅಲ್ಲಿಗೇ ನಿಲ್ಲಿಸಿದವರೇ ಹೆಚ್ಚು. ಬೆಳಗಾವಿ ಸೀಮೆಯಲ್ಲಿ ಅಷ್ಟರಿಂದ ಕೆಲಸ ಸಾಗುತ್ತಿರಲಿಲ್ಲ. ಹಿಂದಿನ ದಫ್ತರಗಳು ಬಹುಮಟ್ಟಿಗೆ ಮೋಡಿ ಲಿಪಿಯ ಮರಾಠಿಯಲ್ಲಿದ್ದವು. ಹಳ್ಳಿಯ ರೈತನ ಮಾತು ಕನ್ನಡ. ಗುಡಿಯ ಮುಂದಿನ ಕಲ್ಲಿನ ಬರಹವಾದರೋ ಆ ರೈತನಿಗೂ ಶಾಲೆಯ ಮಾಸ್ತರರಿಗೂ ತಿಳಿಯದ ಹಳಗನ್ನಡ. ಹೀಗಾಗಿ ಕನ್ನಡ ಕಲಿಯಹೊರಟ ಫ್ಲೀಟ್ ಅವರಿಗೆ ಆಡುವ ಕನ್ನಡ, ಬರೆಯುವ ಕನ್ನಡ, ಕಲ್ಲಿನ ಕನ್ನಡ ಎಂಬ ಮೂರನ್ನು ಬೇರೆಬೇರೆಯಾಗಿಯೇ ಕಲಿಯಬೇಕಾಯಿತು.

ಸಂಸ್ಕೃತದ ಜ್ಞಾನವು ಅವರಿಗೆ ಅರ್ಧದಾರಿಯವರೆಗೆ ಮಾತ್ರ ಜೊತೆಯಾಯಿತೆನ್ನಬೇಕು. ಶಾಸನದ ಆರಂಭದ ಸ್ತುತಿಪದ್ಯ, ಬಿರುದಾವಳಿ, ಕೊನೆಯ ಶಾಪಾಶಯ ಇವು ಸಂಸ್ಕೃತಭೂಯಿಷ್ಠವಾಗಿದ್ದು ಅರ್ಥವಾಗುತ್ತವೆ. ಆದರೆ ದತ್ತಿಯಾಗಿ ಬಿಟ್ಟ ಭೂಮಿ ಎಷ್ಟು ಮತ್ತರು, ಯಾವ ಹಳ್ಳದಿಂದ ಯಾವ ಮರದವರೆಗೆ, ಸುಂಕ ಯಾರಿಗೆ ಎಂಬ ನಡುವಿನ ಭಾಗವು ಅಚ್ಚಗನ್ನಡದಲ್ಲಿರುತ್ತದೆ. ಸಂಸ್ಕೃತ ಪಂಡಿತನು ಎಡವುವುದು ಅಲ್ಲಿಯೇ. ಪದಗಳ ನಡುವೆ ತೆರಪಿಲ್ಲ. ಎ ಮತ್ತು ಏ, ಒ ಮತ್ತು ಓ ಸ್ವರಗಳಿಗೆ ಪ್ರತ್ಯೇಕ ಚಿಹ್ನೆಗಳಿಲ್ಲ. ಆಡುಮಾತಿನಿಂದ ಮರೆಯಾಗಿ ಹೋದ ಱ, ೞ ಅಕ್ಷರಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಕಲ್ಲಿನ ಸವಕಲೂ ಸೇರಿದರೆ ಒಂದು ಸಾಲು ಒಂದು ದಿನದ ಕೆಲಸವಾಗಬಹುದು.

ಸಾಧನಗಳೂ ಅಲ್ಪವಾಗಿದ್ದವು. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರದು; ಶಾಸನಗಳ ಪದಗಳು ಅದರಲ್ಲಿ ಸಿಗುವುದು ವಿರಳ. ಕೇಶಿರಾಜನ ಶಬ್ದಮಣಿದರ್ಪಣವನ್ನು ಫರ್ಡಿನೆಂಡ್ ಕಿಟ್ಟೆಲ್ ಅವರು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು 1872ರಲ್ಲಿ. ಕಿಟ್ಟೆಲ್ ಅವರ ಮಹಾನಿಘಂಟು ಹೊರಬಂದುದು 1894ರಲ್ಲಿ. ಆ ವೇಳೆಗೆ ಫ್ಲೀಟ್ ಅವರ ನಿವೃತ್ತಿಗೆ ಮೂರೇ ವರ್ಷ ಉಳಿದಿತ್ತು. ಇಂದು ಹಳಗನ್ನಡ ಕಲಿಯುವವರು ಮೊದಲ ದಿನವೇ ಕೈಗೆತ್ತಿಕೊಳ್ಳುವ ಗ್ರಂಥವು ಅವರಿಗೆ ದೊರೆತುದು ಬಹುಪಾಲು ಕೆಲಸ ಮುಗಿದ ಮೇಲೆ.

ಹಲಸಿಯ ತಾಮ್ರಶಾಸನಗಳು

ಖಾನಾಪುರ ತಾಲ್ಲೂಕಿನ ಹಲಸಿ ಗ್ರಾಮವು ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನ ಪ್ರಮುಖ ನಗರವಾಗಿತ್ತು. ಗ್ರಾಮದ ಹೊರಗೆ ನಂದಗಡದ ದಾರಿಯಲ್ಲಿರುವ ಚಕ್ರತೀರ್ಥವೆಂಬ ಸಣ್ಣ ಬಾವಿಯ ಬಳಿ, ಮಣ್ಣಿನ ದಿಬ್ಬವೊಂದರಲ್ಲಿ ತಾಮ್ರಪಟಗಳು ದೊರೆತಿದ್ದವು. ಕಾಕುತ್ಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಎಂಬ ಕದಂಬ ಅರಸರ ದತ್ತಿಗಳು ಅವುಗಳಲ್ಲಿದ್ದವು. ಭಾರತಕ್ಕೆ ಬಂದು ಕೆಲವೇ ವರ್ಷಗಳಾಗಿದ್ದ ಯುವಕ ಫ್ಲೀಟ್ ಅವರು 1870ರ ಸುಮಾರಿಗೆ ಇವುಗಳನ್ನು ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಲಸಿಯ ಭೂವರಾಹ ನರಸಿಂಹ ದೇವಾಲಯದ 12ನೆಯ ಶತಮಾನದ ಶಾಸನ, ಅದೇ ತಾಲ್ಲೂಕಿನ ಗೋಳಿಹಳ್ಳಿಯ ಶಾಸನ, ಕಿತ್ತೂರು ಬಳಿಯ ದೇಗಾಂವದ ಶಾಸನ ಇವೂ ಗೋವೆಯ ಕದಂಬರ ಶಾಸನಗಳೆಂಬ ಶೀರ್ಷಿಕೆಯಲ್ಲಿ ಅದೇ ಸಂಪುಟದಲ್ಲಿ ಬೆಳಕು ಕಂಡವು. ಮುಂದಿನ ಸಂಪುಟದಲ್ಲಿ ಸವದತ್ತಿ ಮತ್ತು ಬೆಳಗಾವಿಯ ರಟ್ಟರ ಶಾಸನಗಳು ಪ್ರಕಟವಾದವು.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ಬೇರೆಯವರಾದರೆ ಭಾವಿಸಬಹುದಾಗಿತ್ತು. 1877ರಲ್ಲಿ ಫ್ಲೀಟ್ ಅವರು ಹಲಸಿಯ ಅದೇ ತಾಮ್ರಪಟಗಳನ್ನು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಮತ್ತೊಮ್ಮೆ ಮೊದಲಿನಿಂದ ಸಂಪಾದಿಸಿದರು. ಐಹೊಳೆಯ ಮೇಗುತಿ ಬಸದಿಯ ರವಿಕೀರ್ತಿಯ ಶಾಸನದಲ್ಲಿಯೂ ಹೀಗೆಯೇ ಆಯಿತು. ಶಕ ವರ್ಷ 556, ಅಂದರೆ ಕ್ರಿ.ಶ. 634ರ ಆ ಶಾಸನವನ್ನು ಅವರು 1876ರಲ್ಲಿ ಪ್ರಕಟಿಸಿ, ಮೂರು ವರ್ಷಗಳ ನಂತರ ಹೊಸದಾಗಿ ಓದಿ ಮತ್ತೆ ಪ್ರಕಟಿಸಿದರು. ಆಮೇಲೆ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಅವರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಅದನ್ನೇ ಇನ್ನೂ ತಿದ್ದಿ ಓದಿದರು. ಹಿಂದಿನ ಪಾಠವನ್ನು ಮರೆಮಾಚದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಬರುವಂತೆ ಬಿಟ್ಟಿರುವುದರಿಂದ ಅವರ ಕಲಿಕೆಯ ಏರುಪೇರುಗಳನ್ನು ನಾವು ಇಂದಿಗೂ ಅಳೆಯಬಹುದಾಗಿದೆ.

ಈ ಮರು ಓದಿಗೆ ಭಾಷಾಜ್ಞಾನದ ಹೆಚ್ಚಳ ಒಂದು ಕಾರಣವಾದರೆ, ಆಕರದ ಗುಣಮಟ್ಟ ಇನ್ನೊಂದು. ಅವರಿಗಿಂತ ಮೊದಲು ಸರ್ ವಾಲ್ಟರ್ ಎಲಿಯಟ್ ಅವರು ಈ ಸೀಮೆಯ 595 ಶಾಸನಗಳ ಕೈಬರಹದ ನಕಲುಗಳನ್ನು ಮಾಡಿಸಿದ್ದರು. 1824ರಲ್ಲಿ ಕಿತ್ತೂರಿನಲ್ಲಿ ಸೆರೆಯಾಗಿದ್ದ ಇಬ್ಬರು ಯುವ ಅಧಿಕಾರಿಗಳಲ್ಲಿ ಒಬ್ಬರು ಇದೇ ಎಲಿಯಟ್. ಆ ಸಂಗ್ರಹವು ಅಮೂಲ್ಯವಾದರೂ, ನಕಲು ಮಾಡಿದವರು ತಮಗೆ ತಿಳಿಯದ ಅಕ್ಷರವನ್ನು ತಿಳಿದಂತೆ ಬರೆದಿಟ್ಟರೆ ಓದುಗನಿಗೆ ಅದು ಗೊತ್ತಾಗುವುದಿಲ್ಲ. ಛಾಯಾಚಿತ್ರಗಳಲ್ಲಿಯೂ ನೆರಳು ಬಿದ್ದ ಕಡೆ ಅಕ್ಷರ ಮಾಯವಾಗುತ್ತಿತ್ತು. ಛಾಯಾಚಿತ್ರಗಳನ್ನು ಆಧರಿಸಿ 1878ರಲ್ಲಿ ಪಾಲಿ, ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳ ಸಂಪುಟವನ್ನು ಸಿದ್ಧಪಡಿಸಿದ ಫ್ಲೀಟ್ ಅವರು, ಕಲ್ಲಿನ ಮೇಲೆ ಕಾಗದವನ್ನಿಟ್ಟು ತೆಗೆದ ಮಸಿಯ ಪಡಿಯಚ್ಚನ್ನೇ ನಂಬಬೇಕೆಂಬ ನಿಲುವಿಗೆ ಬಂದರು. ಒಂದು ಅಂಕಿ ತಪ್ಪಿ ಓದಿದರೆ ಅರಸನೊಬ್ಬನ ಕಾಲವು ನೂರು ವರ್ಷ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಒಂದು ಗ್ರಾಮದ ಹೆಸರು ತಪ್ಪಿದರೆ ದತ್ತಿಯೇ ಬೇರೆ ಊರಿಗೆ ಹೋಗುತ್ತದೆ. ಪಹಣಿ, ಉತಾರಗಳಲ್ಲಿ ಒಂದಕ್ಷರದ ವ್ಯತ್ಯಾಸದಿಂದ ಅಲೆದಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕನ್ನಡ ಜಿಲ್ಲೆಗಳ ಅರಸು ಮನೆತನಗಳನ್ನು ಕುರಿತ ಅವರ ಗ್ರಂಥವು 1882ರಲ್ಲಿ ಚಿಕ್ಕ ಹೊತ್ತಿಗೆಯಾಗಿ ಹೊರಬಂದಿತು. 1896ರಲ್ಲಿ ಮುಂಬಯಿ ಗೆಜೆಟಿಯರ್‌ನ ಮೊದಲ ಸಂಪುಟದ ಎರಡನೆಯ ಭಾಗದಲ್ಲಿ ಅದು ಸುಮಾರು 300 ಪುಟಗಳಿಗೆ ಬೆಳೆದು ಮತ್ತೆ ಅಚ್ಚಾಯಿತು. ಹದಿನಾಲ್ಕು ವರ್ಷಗಳಲ್ಲಿ ಸಿಕ್ಕಿದ ಹೊಸ ಶಾಸನಗಳು ಸೇರಿದುದಷ್ಟೇ ಅಲ್ಲದೆ, ಮೊದಲ ಆವೃತ್ತಿಯ ಅನೇಕ ಅಭಿಪ್ರಾಯಗಳನ್ನು ಅವರೇ ಅಲ್ಲಿ ಕೈಬಿಟ್ಟಿದ್ದಾರೆ.

ನಂದಗಡದ ವೀರನ ಲಾವಣಿ

ಮೂರನೆಯ ಕನ್ನಡ, ಅಂದರೆ ಜನರ ಬಾಯಿಯ ಕನ್ನಡವನ್ನು ಅವರು ಎಷ್ಟರಮಟ್ಟಿಗೆ ಕಲಿತರು ಎಂಬುದಕ್ಕೆ 1885ರಿಂದ ಪ್ರಕಟವಾಗತೊಡಗಿದ ಲಾವಣಿಗಳೇ ಸಾಕ್ಷಿ. ಆ ವರ್ಷ ಫ್ಲೀಟ್ ಅವರು ರಿಚರ್ಡ್ ಟೆಂಪಲ್ ಅವರೊಂದಿಗೆ ಇಂಡಿಯನ್ ಆಂಟಿಕ್ವೆರಿಯ ಸಂಪಾದಕತ್ವ ವಹಿಸಿಕೊಂಡಿದ್ದರು. ಮೊದಲಿಗೆ ಅವರು ಆರಿಸಿಕೊಂಡುದು ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು. ರಾಯಣ್ಣನನ್ನು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿಸಲಾಗಿತ್ತು. ಐವತ್ತು ವರ್ಷ ಕಳೆದರೂ ಹಳ್ಳಿಗಳಲ್ಲಿ ಅವನ ಹಾಡು ನಿಂತಿರಲಿಲ್ಲ. 1857ರ ಹಲಗಲಿ ಬೇಡರ ಲಾವಣಿ, ಬೈಲಹೊಂಗಲದ ಸಂಗ್ಯಾನ ಕಥೆ, ಆದಾಯ ತೆರಿಗೆ ಬಂದ ಕಾಲದ ಹಾಡು ಇವೂ ಈ ಮಾಲೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಸೇರಿದವು.

ಕೇಶಿರಾಜನ ಸೂತ್ರಗಳು ಇಲ್ಲಿ ನೆರವಿಗೆ ಬರುವಂತಿರಲಿಲ್ಲ. ಮರಾಠಿ, ಉರ್ದು, ಕಚೇರಿ ಮಾತುಗಳು ಬೆರೆತು ಉಚ್ಚಾರದಂತೆಯೇ ಮೊಟಕಾದ ಈ ಭಾಷೆಗೆ ವ್ಯಾಕರಣವನ್ನು ಯಾರೂ ಬರೆದಿರಲಿಲ್ಲ. ಹತ್ತನೆಯ ಶತಮಾನದ ಚಂಪೂಶೈಲಿಯನ್ನು ಬಿಡಿಸಬಲ್ಲವನು ಸಂತೆಯಲ್ಲಿ ಹಾಡುವವನ ಮುಂದೆ ಮತ್ತೆ ಹೊಸ ವಿದ್ಯಾರ್ಥಿಯಾಗಬೇಕಾಗುತ್ತದೆ. ಇನ್ನೊಂದು ಮಾತನ್ನೂ ಇಲ್ಲಿ ಹೇಳುವುದು ಯುಕ್ತ. ರಾಯಣ್ಣನ ಹೋರಾಟವನ್ನು ಫ್ಲೀಟ್ ಅವರು ತಮ್ಮ ಶೀರ್ಷಿಕೆಯಲ್ಲಿ ದಂಗೆಯೆಂದೇ ಕರೆದಿದ್ದಾರೆ. ಅವರು ಯಾವ ಸರ್ಕಾರದ ಸೇವೆಯಲ್ಲಿದ್ದರೋ ಅದರ ದೃಷ್ಟಿ ಅದು. ಆದರೂ ಆ ಸರ್ಕಾರದ ವಿರುದ್ಧ ಜನರು ಕಟ್ಟಿದ ಹಾಡು ಅವರ ಕೈಯಿಂದಲೇ ಅಚ್ಚಾಗಿ ನಮಗೆ ಉಳಿದಿದೆ.

ತಪ್ಪಿದ ತೀರ್ಮಾನಗಳು

1883ರಿಂದ ಕೆಲಕಾಲ ಅವರು ಭಾರತ ಸರ್ಕಾರದ ಶಾಸನತಜ್ಞರಾಗಿದ್ದರು. ಗುಪ್ತರ ಶಾಸನಗಳ ಸಂಪುಟ 1888ರಲ್ಲಿ ಪ್ರಕಟವಾಯಿತು. ಪಂಚಾಂಗದ ಲೆಕ್ಕಗಳಲ್ಲಿ ತಮ್ಮ ಶಕ್ತಿಯ ಮಿತಿಯನ್ನರಿತು, ಖಗೋಳಜ್ಞ ಶಂಕರ ಬಾಲಕೃಷ್ಣ ದೀಕ್ಷಿತ್ ಅವರ ನೆರವನ್ನು ಪಡೆದರು.

ಎಲ್ಲ ಕಡೆಯೂ ಇಂತಹ ಎಚ್ಚರ ಉಳಿಯಲಿಲ್ಲ. ಮೈಸೂರಿನ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಪಶ್ಚಿಮ ಗಂಗರ ತಾಮ್ರಶಾಸನಗಳನ್ನು ಫ್ಲೀಟ್ ಅವರು ಕೃತಕವೆಂದು ತಳ್ಳಿಹಾಕಿದರು. ಲಿಪಿಯ ಕಾಲಕ್ಕೂ ಹೇಳಿರುವ ತೇದಿಗೂ ಹೊಂದಿಕೆಯಿಲ್ಲವೆಂಬ ಅವರ ಆಕ್ಷೇಪಣೆ ಹಲವು ಪಟಗಳ ವಿಷಯದಲ್ಲಿ ಸರಿಯಾಗಿಯೇ ಇತ್ತು. ಆದರೆ ಒಂದು ಕಡೆ ಸರಿಯಾದ ಅನುಮಾನವು ಎಲ್ಲ ಕಡೆಗೂ ಹಬ್ಬಿ, ಗಂಗರ ಆರಂಭದ ಇತಿಹಾಸವೇ ಕಟ್ಟುಕಥೆ ಎಂಬಲ್ಲಿಗೆ ಮುಟ್ಟಿತು. ವಾದವು ದಶಕಗಳ ಕಾಲ ನಡೆಯಿತು. ಪೆನುಕೊಂಡದ ತಾಮ್ರಶಾಸನ ದೊರೆತ ಮೇಲೆ, 1915ರಲ್ಲಿ, ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಅದನ್ನು ನಿಜವಾದ ಗಂಗ ಶಾಸನವೆಂದು ಒಪ್ಪಿಕೊಂಡರು. ಆಗ ಅವರಿಗೆ 68 ವರ್ಷ ವಯಸ್ಸು.

ಕವಿರಾಜಮಾರ್ಗದ ವಿಷಯದಲ್ಲಿಯೂ ಇಂತಹುದೇ ಒಂದು ಪ್ರಸಂಗವುಂಟು. ಬೆಳಗಾವಿಯಿಂದ ವಿದ್ವತ್ ಲೇಖನಗಳನ್ನು ಬರೆಯುತ್ತಿದ್ದ ಕಾಶೀನಾಥ ಬಾಪೂಜಿ ಪಾಠಕ್ ಅವರು ಆ ಗ್ರಂಥವನ್ನು 1898ರಲ್ಲಿ ಸಂಪಾದಿಸಿ, ಅದು ರಾಷ್ಟ್ರಕೂಟ ನೃಪತುಂಗನ ಕೃತಿ ಎಂದರು. ಫ್ಲೀಟ್ ಅವರು 1904ರಲ್ಲಿ ಅದನ್ನು ವಿರೋಧಿಸಿ, ಕರ್ತೃ ಕವೀಶ್ವರನೆಂಬ ಬೇರೊಬ್ಬನೆಂದು ವಾದಿಸಿದರು. ಇಂದು ವಿದ್ವಾಂಸರಲ್ಲಿ ಹೆಚ್ಚಿನವರು ಶ್ರೀವಿಜಯನನ್ನು ಕರ್ತೃವೆಂದು ಒಪ್ಪುತ್ತಾರೆ. ಹೆಸರಿನಲ್ಲಿ ತಪ್ಪಿದರೂ, ಅರಸನೇ ಬರೆದುದಲ್ಲ ಎಂಬ ಮಟ್ಟಿಗೆ ಹೊರನಾಡಿನ ಈ ಓದುಗನ ಕಿವಿ ಸರಿಯಾಗಿತ್ತು.

ಕೊನೆಯ ವರ್ಷಗಳು

1897ರಲ್ಲಿ ಸೇವೆಯಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಫ್ಲೀಟ್ ಅವರು ರಾಯಲ್ ಏಷ್ಯಾಟಿಕ್ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. 1912ರಲ್ಲಿ ಸೊಸೈಟಿಯ ಸುವರ್ಣ ಪದಕ ಅವರಿಗೆ ಸಂದಿತು. 1917ರ ಫೆಬ್ರವರಿ 21ರಂದು ನಿಧನರಾದರು.

ಅವರು ಸಂಗ್ರಹಿಸಿದ್ದ ಕನ್ನಡ ಶಾಸನಗಳ ಪಡಿಯಚ್ಚುಗಳಲ್ಲಿ ಅನೇಕವನ್ನು ಸ್ವತಃ ಸಂಪಾದಿಸಲು ಅವರಿಗೆ ಸಾಧ್ಯವಾಗಲಿಲ್ಲ. ಅವು ಲಂಡನ್ನಿನ ವಿದ್ವಾಂಸ ಲಯನೆಲ್ ಬಾರ್ನೆಟ್ ಅವರ ಕೈಸೇರಿ, ಎಪಿಗ್ರಾಫಿಯಾ ಇಂಡಿಕಾದಲ್ಲಿ ಒಂದೊಂದಾಗಿ ಪ್ರಕಟವಾದವು. ರಟ್ಟ ಅರಸ ನಾಲ್ಮಡಿ ಕಾರ್ತವೀರ್ಯನ ಕಾಲದ, ಬೆಳಗಾವಿಯಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದ್ದ ಎರಡು ಶಿಲಾಶಾಸನಗಳನ್ನು ಸಂಪಾದಿಸಿದವರೂ ಬಾರ್ನೆಟ್ ಅವರೇ. ಅದೇ ಅರಸನ ಕಾಲದಲ್ಲಿ, 1204ರಲ್ಲಿ, ಮಂತ್ರಿ ಬೀಚಣನು ಕಟ್ಟಿಸಿದ ಕಮಲ ಬಸದಿಯನ್ನು ಬೆಳಗಾವಿ ಕೋಟೆಯೊಳಗೆ ಕಾಣಬಹುದಾಗಿದೆ.